ಕಂಡದ್ದರಿಂದ ಕಾರಣಕ್ಕೆ: ಪುರಾವೆ ನೋಡಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಪುರಾವೆ ಕಣ್ಣೆದುರೇ ಇರುತ್ತದೆ. ಆದರೂ ತೀರ್ಮಾನ ತಪ್ಪುತ್ತದೆ. ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ತಿದ್ದುವಾಗ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮನೆಯಲ್ಲಿ ನಾನೇ ಮಾಡಿದ್ದೇನೆ. ಇದು ಬುದ್ಧಿ ಕಡಿಮೆಯಾಗಿ ಆಗುವ ತಪ್ಪಲ್ಲ, ಕ್ರಮ ತಲೆಕೆಳಗಾಗಿ ಆಗುವ ತಪ್ಪು. ಹೆಚ್ಚಿನವರು ಏನೋ ಒಂದನ್ನು ನೋಡುತ್ತಾರೆ, ನೋಡಿದ ತಕ್ಷಣ ಕಾರಣ ಹೇಳಿಬಿಡುತ್ತಾರೆ, ಆಮೇಲೆ ಆ ಕಾರಣಕ್ಕೆ ಹೊಂದುವ ಪುರಾವೆಗಳನ್ನಷ್ಟೇ ಹೆಕ್ಕುತ್ತಾ ಹೋಗುತ್ತಾರೆ. ಆಗ ಎಷ್ಟೇ ಪುರಾವೆ ಸೇರಿದರೂ ಮೊದಲ ತಪ್ಪು ಹಾಗೇ ಉಳಿಯುತ್ತದೆ.

ಕೆಳಗಿನ ಹಂತಗಳಲ್ಲಿ ಮುಖ್ಯವಾಗಿ ಎರಡು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಮನೆಯದು: ಬೆಳಿಗ್ಗೆ ಎದ್ದರೆ ಫ್ರಿಜ್ ಮುಂದೆ ನೆಲದ ಮೇಲೆ ನೀರು. ಇನ್ನೊಂದು ಶಾಲೆಯದು: ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಮೇಲೆ ಗಾಜಿನ ಜಾರ್ ಬೋರಲು ಹಾಕಿದರೆ ಬತ್ತಿ ಆರುತ್ತದೆ, ನೀರು ಜಾರ್ ಒಳಗೆ ಮೇಲೇರುತ್ತದೆ. ಯಾಕೆ?

## ಮೊದಲು ಬೇಕಾದ ಸಾಮಾನು

ಒಂದು ಹಾಳೆ, ಒಂದು ಪೆನ್ನು. ಇದು ಕಡ್ಡಾಯ. ತಲೆಯಲ್ಲೇ ಮಾಡುತ್ತೇನೆ ಅಂತ ಹೊರಟರೆ ಎರಡನೇ ಹಂತದಲ್ಲೇ ಕೆಡುತ್ತದೆ, ಯಾಕೆಂದರೆ ನೆನಪು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾ ಇದ್ದರೆ ಒಳ್ಳೆಯದು, ಫೋಟೋದಲ್ಲಿ ಸಮಯವೂ ದಾಖಲಾಗುತ್ತದೆ. ಅಳೆಯುವಂಥ ವಿಷಯವಾದರೆ ಸ್ಕೇಲು, ಗಡಿಯಾರ, ಥರ್ಮಾಮೀಟರ್, ಯಾವುದು ಬೇಕೋ ಅದು. ಇನ್ನೊಂದು, ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನದ ಒಬ್ಬರು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಡೆ ಈ ಹಂತಗಳನ್ನು ಹಿಡಿದು ಕೂರಬಾರದು. ಗ್ಯಾಸ್ ವಾಸನೆ ಬಂತು ಅಂದರೆ ಪುರಾವೆ ಸಾಕಾ ಅಂತ ಯೋಚಿಸಬೇಡಿ. ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆಗೆಯಿರಿ, ಕೈಗೆ ಸಿಕ್ಕರೆ ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ಹೊರಗೆ ಹೋಗಿ. ಎದೆನೋವು ಬಂದರೂ ಅಷ್ಟೇ, ಮೊದಲು ಆಸ್ಪತ್ರೆ. ತಪ್ಪು ತಿಳಿದುಕೊಂಡರೆ ಜೀವಕ್ಕೇ ಅಪಾಯ ಎನ್ನುವಲ್ಲಿ ಮೊದಲು ಕೆಲಸ, ಆಮೇಲೆ ವಿಚಾರಣೆ.

## ಹಂತ 1: ಉತ್ತರ ಅಡಗಿರದ ಪ್ರಶ್ನೆ ಬರೆಯಿರಿ

"ಫ್ರಿಜ್ ಯಾಕೆ ಸೋರುತ್ತಿದೆ?" ಈ ಪ್ರಶ್ನೆಯಲ್ಲೇ ಉತ್ತರ ಕೂತಿದೆ. ಫ್ರಿಜ್ ಸೋರುತ್ತಿದೆ ಅಂತ ನಿಮಗೆ ಹೇಳಿದವರು ಯಾರು? ನೀವು ನೋಡಿದ್ದು ನೆಲದ ಮೇಲಿನ ನೀರನ್ನು. ಹಾಗಾಗಿ ಪ್ರಶ್ನೆ "ಈ ನೀರು ಎಲ್ಲಿಂದ ಬರುತ್ತಿದೆ?" ಅಂತ ಇರಬೇಕು.

ನಾನು ಮೊದಲ ಪ್ರಶ್ನೆ ಹಿಡಿದುಕೊಂಡೇ ಹೊರಟಿದ್ದೆ. ರಿಪೇರಿಯವರನ್ನು ಕರೆಸಿ "ಫ್ರಿಜ್ ಸೋರುತ್ತಿದೆ, ನೋಡಿ" ಅಂದೆ. ಅವರು ಒಳಗಿನ ನೀರು ಹೋಗುವ ತೂತು ಸ್ವಚ್ಛ ಮಾಡಿ ಹೋದರು. ಎರಡೇ ದಿನಕ್ಕೆ ಮತ್ತೆ ನೀರು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ನಿಮ್ಮ ಪ್ರಶ್ನೆ ಸರಿ ಇದೆಯಾ ಅಂತ ನೋಡಲು ಸುಲಭ ದಾರಿ ಇದೆ. ಪ್ರಶ್ನೆಯಲ್ಲಿ ಯಾರದಾದರೂ ಹೆಸರು, ಯಾವುದಾದರೂ ವಸ್ತು ಆಗಲೇ ಆರೋಪಿಯಾಗಿ ನಿಂತಿದ್ದರೆ ಅದನ್ನು ತೆಗೆದು ಮತ್ತೆ ಬರೆಯಿರಿ.

## ಹಂತ 2: ಕಂಡದ್ದು ಒಂದು ಕಡೆ, ಅಂದುಕೊಂಡದ್ದು ಇನ್ನೊಂದು ಕಡೆ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದುಕೊಂಡದ್ದು". ಇಡೀ ಕೆಲಸದಲ್ಲಿ ಜನ ಜಾಸ್ತಿ ಎಡವುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಮೇಣದಬತ್ತಿ ಪ್ರಯೋಗದ ರೆಕಾರ್ಡ್ ತೆರೆದರೆ "ವೀಕ್ಷಣೆ" ಅನ್ನುವ ಜಾಗದಲ್ಲಿ ಹತ್ತರಲ್ಲಿ ಎಂಟು ಮಕ್ಕಳು "ಆಮ್ಲಜನಕ ಖಾಲಿಯಾಯಿತು, ಆದ್ದರಿಂದ ನೀರು ಮೇಲೇರಿತು" ಅಂತ ಬರೆದಿರುತ್ತಾರೆ. ಆಮ್ಲಜನಕಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಖಾಲಿಯಾದದ್ದನ್ನು ಯಾರೂ ನೋಡಿಲ್ಲ. ಹಾಗಾದರೆ ಕಂಡದ್ದೇನು? ಮತ್ತೆ ಪ್ರಯೋಗ ಮಾಡಿಸಿ, ಮುಖ ಜಾರ್ ಪಕ್ಕಕ್ಕೆ ತಂದು ನೋಡಲು ಹೇಳಿದರೆ ಪಟ್ಟಿಯೇ ಬದಲಾಗುತ್ತದೆ. ಜಾರ್ ಕೆಳಗಿಳಿಸುವಾಗ ಅಂಚಿನಿಂದ ಕೆಲವು ಗುಳ್ಳೆ ಹೊರಬಂದವು. ಜ್ವಾಲೆ ಸಣ್ಣದಾಯಿತು. ಅಷ್ಟೊತ್ತು ನೀರು ಹೆಚ್ಚೇನೂ ಏರಲಿಲ್ಲ. ಜ್ವಾಲೆ ಆರಿತು, ಹೊಗೆ ಸುಳಿಯಿತು, ಆಮೇಲೆ ನೀರು ಸರ್ರನೆ ಮೇಲೇರಿತು. ಗಾಜಿನ ಒಳಗೆ ಮಂಜು ಕಟ್ಟಿತು. ಇವು ಎಡಗಡೆಯ ಸಾಲುಗಳು. "ಆಮ್ಲಜನಕ" ಅನ್ನುವ ಪದ ಬಲಗಡೆಗೆ ಹೋಗಬೇಕು.

ಸಂಬಂಧಗಳಲ್ಲಿ ಈ ಗೆರೆ ಇನ್ನೂ ಮುಖ್ಯ. "ಅವಳಿಗೆ ನನ್ನ ಮೇಲೆ ಸಿಟ್ಟು" ಅನ್ನುವುದು ಬಲಗಡೆ. "ಮೆಸೇಜ್ ಓದಿ ಎರಡು ದಿನವಾಯಿತು, ಉತ್ತರ ಬಂದಿಲ್ಲ" ಅನ್ನುವುದು ಎಡಗಡೆ. ಹೀಗೆ ಬಿಡಿಸಿ ಬರೆದಾಗಲೇ ಅರ್ಧ ಜಗಳ ಕಡಿಮೆಯಾದದ್ದನ್ನು ನಾನು ನೋಡಿದ್ದೇನೆ.

ಎಡಗಡೆಯ ಸಾಲನ್ನು ಪರೀಕ್ಷಿಸುವ ಬಗೆ ಇದು: ನಿಮ್ಮ ಅಭಿಪ್ರಾಯವನ್ನು ಒಪ್ಪದವರೂ ಅಲ್ಲೇ ನಿಂತಿದ್ದರೆ ಆ ಸಾಲಿಗೆ ಸಹಿ ಹಾಕುತ್ತಿದ್ದರಾ? ಹಾಕುತ್ತಾರೆ ಅಂದರೆ ಅದು ಎಡಗಡೆ ಇರಲಿ. ಇಲ್ಲವೆಂದರೆ ಬಲಕ್ಕೆ ಸರಿಸಿ. ಅಪಾಯದ ಸೂಚನೆಯೂ ಒಂದಿದೆ. ಎಡಗಡೆ "ಬೇಕಂತಲೇ", "ಯಾವಾಗಲೂ", "ಆದ್ದರಿಂದ" ಅನ್ನುವ ಪದ ಬಂದರೆ ಅಲ್ಲಿ ಊಹೆ ನುಸುಳಿದೆ ಅಂತಲೇ ತಿಳಿಯಿರಿ.

ನಮ್ಮ ಭಾಷೆಯಲ್ಲಿ "ಅನುಮಾನ" ಅನ್ನುವ ಪದ ಎರಡು ಕೆಲಸ ಮಾಡುತ್ತದೆ. ತರ್ಕಶಾಸ್ತ್ರದಲ್ಲಿ ಅದಕ್ಕೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು ಅಂತ ಅರ್ಥ. ದಿನದ ಮಾತಿನಲ್ಲಿ ಸಂಶಯ ಅಂತ. ಬಲಗಡೆ ಬರೆಯುವ ಪ್ರತಿ ಸಾಲಿಗೂ ಈ ಎರಡೂ ಅರ್ಥ ಸಲ್ಲುತ್ತವೆ, ಇದು ನನಗೆ ಬಹಳ ಇಷ್ಟವಾದ ವಿಷಯ.

## ಹಂತ 3: ಪುರಾವೆಯನ್ನೇ ಒಮ್ಮೆ ತಪಾಸಣೆ ಮಾಡಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಕಾರಣ ಹುಡುಕುವ ಮೊದಲು, ಆದದ್ದು ನಿಜವಾ ಅಂತ ನೋಡಬೇಕು.

2011ರಲ್ಲಿ ಓಪೆರಾ ಅನ್ನುವ ಭೌತಶಾಸ್ತ್ರ ಪ್ರಯೋಗದ ವಿಜ್ಞಾನಿಗಳಿಗೆ ವಿಚಿತ್ರ ಅಳತೆ ಸಿಕ್ಕಿತು. ಜಿನೀವಾ ಹತ್ತಿರದ ಸಂಶೋಧನಾ ಕೇಂದ್ರ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ, ಸುಮಾರು 730 ಕಿಲೋಮೀಟರ್ ದೂರ ಹೋದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿ ಭಾಗದಲ್ಲಿ 60 ಭಾಗ) ಮೊದಲೇ ತಲುಪಿದಂತೆ ಕಂಡಿತು. ಬೆಳಕಿಗಿಂತ ವೇಗ! ಅವರು ಹೊಸ ಭೌತಶಾಸ್ತ್ರ ಬಂತು ಅಂತ ಸಾರಲಿಲ್ಲ. ತಮ್ಮ ಅಳತೆಯನ್ನು ಬೇರೆಯವರೂ ಪರಿಶೀಲಿಸಲಿ ಅಂತ ಮುಂದಿಟ್ಟರು. ಮರುವರ್ಷ ತಿಳಿದದ್ದು, ಸಮಯ ತಿಳಿಸುವ ವ್ಯವಸ್ಥೆಯ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ.

ನಿಮ್ಮ ಪುರಾವೆಗೂ ಇದೇ ತಪಾಸಣೆ ಇರಲಿ. ಯಾರು ನೋಡಿದ್ದು, ನೀವಾ, ಇಲ್ಲಾ ಕೇಳಿದ್ದಾ? ಯಾವುದರಿಂದ ಅಳೆದದ್ದು, ಅದು ಸರಿ ಇದೆಯಾ? ಒಂದೇ ಸಲ ಆದದ್ದಾ? ಫಾರ್ವರ್ಡ್ ಆಗಿ ಬಂದ ಫೋಟೋ ಆದರೆ ಅದು ಯಾವಾಗಿನದು, ಎಲ್ಲಿನದು ಅಂತ ಗೊತ್ತಾಗುವವರೆಗೆ ಎಡಗಡೆ ಬರೆಯಲೇಬೇಡಿ.

ಇದರ ಜೊತೆ ಇನ್ನೊಂದು ಪ್ರಶ್ನೆ ಇದೆ, ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ: ನನ್ನ ಕೈಗೆ ಬಾರದ ಪುರಾವೆ ಯಾವುದು? ಎರಡನೇ ಮಹಾಯುದ್ಧದ ಕಾಲದಲ್ಲಿ ಗಣಿತಜ್ಞ ಅಬ್ರಹಾಂ ವಾಲ್ಡ್, ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತುಗಳಿಂದ ವಿಮಾನದ ದುರ್ಬಲ ಭಾಗ ಯಾವುದು ಅಂತ ಲೆಕ್ಕ ಹಾಕುವ ವಿಧಾನ ಬರೆದರು. ಅದರ ತಿರುಳು ಇಷ್ಟು: ಮರಳಿದ ವಿಮಾನದಲ್ಲಿ ತೂತು ಇದೆ ಅಂದರೆ ಅಲ್ಲಿ ಗುಂಡು ಬಿದ್ದರೂ ವಿಮಾನ ಹಾರಬಲ್ಲದು. ತೂತುಗಳೇ ಕಾಣದ ಭಾಗದ ಬಗ್ಗೆ ಚಿಂತಿಸಬೇಕು, ಅಲ್ಲಿ ಪೆಟ್ಟು ತಿಂದವು ವಾಪಸ್ಸೇ ಬಂದಿಲ್ಲ. ಕಾಲೇಜು ಬಿಟ್ಟು ಶ್ರೀಮಂತರಾದವರ ಕಥೆ ಓದುವಾಗ, ಕಾಲೇಜು ಬಿಟ್ಟು ಏನೂ ಆಗದವರ ಕಥೆ ಯಾರೂ ಬರೆದಿಲ್ಲ ಅನ್ನುವುದೂ ನೆನಪಿರಲಿ.

## ಹಂತ 4: ಕಡಿಮೆ ಅಂದರೂ ಮೂರು ಕಾರಣ ಬರೆಯಿರಿ

ಈಗ ಬಲಗಡೆಗೆ ಬನ್ನಿ. ಒಂದೇ ಕಾರಣ ಬರೆದು ನಿಲ್ಲಿಸಬೇಡಿ. ಮೂರಾದರೂ ಬೇಕು. ಮೊದಲನೆಯದು ತಾನಾಗೇ ಬರುತ್ತದೆ, ಎರಡನೆಯದಕ್ಕೆ ಯೋಚಿಸಬೇಕು, ಮೂರನೆಯದಕ್ಕೆ ಕಷ್ಟಪಡಬೇಕು. ಎಷ್ಟೋ ಸಲ ಸರಿಯಾದ ಕಾರಣ ಆ ಕಷ್ಟಪಟ್ಟು ಬರೆದದ್ದರಲ್ಲೇ ಇರುತ್ತದೆ.

ನೀರಿನ ವಿಷಯದಲ್ಲಿ ನನ್ನ ಪಟ್ಟಿ ಹೀಗಿತ್ತು. ಒಂದು, ಫ್ರಿಜ್‌ನ ಒಳಗಿನ ಹಿಮ ಕರಗಿದ ನೀರು ಹೋಗುವ ದಾರಿ ಕಟ್ಟಿಕೊಂಡಿದೆ. ಎರಡು, ಸಿಂಕ್ ಕೆಳಗಿನ ಪೈಪು ತೊಟ್ಟಿಕ್ಕುತ್ತಿದೆ. ಮೂರು, ರಾತ್ರಿ ಯಾರೋ ಬಾಟಲಿ ತೆಗೆಯುವಾಗ ನೀರು ಚೆಲ್ಲುತ್ತಿದ್ದಾರೆ. ನಾಲ್ಕು, ಕಿಟಕಿಯಿಂದ ಎರಚಲು.

ಪಟ್ಟಿಯಲ್ಲಿ "ಸುಮ್ನೆ ಹಾಗೆ ಕೂಡಿಬಂತು" ಅನ್ನುವ ಸಾಲಿಗೂ ಯಾವಾಗಲೂ ಜಾಗ ಕೊಡಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು. ಎರಡು ಸಂಗತಿ ಒಟ್ಟಿಗೆ ಆದರೆ ಒಂದು ಇನ್ನೊಂದಕ್ಕೆ ಕಾರಣ ಆಗಿರಬೇಕಿಲ್ಲ. ಎರಡಕ್ಕೂ ಮೂರನೆಯದೊಂದು ಕಾರಣ ಇರಬಹುದು, ಇಲ್ಲಾ ಕಾರಣ ಕಾರ್ಯ ಅದಲುಬದಲಾಗಿರಬಹುದು.

"ಹೋದ ಸಲ ಇದೇ ಕಾರಣ ಆಗಿತ್ತು, ಈ ಸಲವೂ ಅದೇ" ಅನ್ನುವುದು ಇಲ್ಲಿ ದೊಡ್ಡ ಬಲೆ. ಖಗೋಳಶಾಸ್ತ್ರದಲ್ಲಿ ಇದಕ್ಕೆ ಬಲವಾದ ಉದಾಹರಣೆ ಇದೆ. ಯುರೇನಸ್ ಗ್ರಹ ಲೆಕ್ಕದ ಹಾದಿ ಬಿಟ್ಟು ಸ್ವಲ್ಪ ಆಚೀಚೆ ಹೋಗುತ್ತಿತ್ತು. ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಮುಂದೆ ಬುಧ ಗ್ರಹವೂ ಲೆಕ್ಕ ತಪ್ಪಿ ಸರಿಯುತ್ತಿರುವುದು ಕಂಡಾಗ ಅದೇ ಲೆವೆರಿಯೆ ಅದೇ ರೀತಿ ಯೋಚಿಸಿ, ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಗ್ರಹ ಮಾತ್ರ ಸಿಗಲೇ ಇಲ್ಲ, ಯಾಕೆಂದರೆ ಅದು ಇರಲಿಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡ್‌ನಷ್ಟಿದ್ದ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಆ ಸಣ್ಣ ವ್ಯತ್ಯಾಸಕ್ಕೆ ಕಾರಣ ಗುರುತ್ವದ ನಿಯಮದಲ್ಲೇ ಇತ್ತು, 1915ರಲ್ಲಿ ಐನ್‌ಸ್ಟೈನ್ ಅದನ್ನು ವಿವರಿಸಿದರು. ಯೋಚಿಸಿದ ತಲೆ ಒಂದೇ, ದಾರಿಯೂ ಒಂದೇ. ಒಂದು ಕಡೆ ಗ್ರಹ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಅದನ್ನು ದೂರದರ್ಶಕದಲ್ಲಿ ನೋಡಿಯೇ ತಿಳಿಯಬೇಕಿತ್ತು.

## ಹಂತ 5: ಪ್ರತಿ ಕಾರಣ ನಿಜವಾದರೆ ಏನು ಕಾಣಬೇಕು?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಕಲಿಯಲು ಸಮಯ ಇದೆ ಅಂದರೆ ಇದನ್ನೇ ಕಲಿಯಿರಿ. ಪ್ರತಿ ಕಾರಣದ ಮುಂದೆ "ಇದು ನಿಜವಾದರೆ ಇನ್ನೇನು ಕಾಣಬೇಕು, ಇನ್ನೇನು ಕಾಣಬಾರದು" ಅಂತ ಬರೆಯಿರಿ. ಆಮೇಲೆ ಎರಡು ಕಾರಣಗಳು ಎಲ್ಲಿ ಬೇರೆ ಬೇರೆ ಉತ್ತರ ಕೊಡುತ್ತವೆ ಅಂತ ಹುಡುಕಿ. ಪರೀಕ್ಷೆ ಮಾಡಬೇಕಾದದ್ದು ಆ ಜಾಗದಲ್ಲಿ ಮಾತ್ರ.

ಮೇಣದಬತ್ತಿಗೆ ಬನ್ನಿ. ಮೊದಲ ವಿವರಣೆ: ಆಮ್ಲಜನಕ ಖರ್ಚಾಗಿ ಆ ಜಾಗಕ್ಕೆ ನೀರು ಬಂತು. ಎರಡನೆಯದು: ಜ್ವಾಲೆ ಒಳಗಿನ ಗಾಳಿಯನ್ನು ಬಿಸಿ ಮಾಡಿ ಹಿಗ್ಗಿಸಿತು, ಸ್ವಲ್ಪ ಗಾಳಿ ಹೊರಹೋಯಿತು, ಬತ್ತಿ ಆರಿ ಗಾಳಿ ತಣ್ಣಗಾಗಿ ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳಿತು. ನೀರು ಮೇಲೇರಿತು ಅನ್ನುವುದನ್ನು ಎರಡೂ ಹೇಳುತ್ತವೆ. ಹಾಗಾಗಿ "ನೀರು ಮೇಲೇರಿತು" ಅನ್ನುವುದು ಇವೆರಡರಲ್ಲಿ ಯಾವುದಕ್ಕೂ ಪುರಾವೆ ಅಲ್ಲ! ನೀರು ಐದನೇ ಒಂದು ಭಾಗದಷ್ಟು ಏರಿತು, ಗಾಳಿಯಲ್ಲಿ ಆಮ್ಲಜನಕ 21 ಶೇಕಡಾ ಇದೆ, ಸರಿಹೋಯಿತಲ್ವಾ ಅಂತ ಮಕ್ಕಳು ಕೇಳುತ್ತಾರೆ. ಆ ಸಂಖ್ಯೆ ಹೊಂದಿದ್ದೇ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಎಲ್ಲಿ ಬೇರೆಯಾಗುತ್ತವೆ? ಒಂದು, ಸಮಯದಲ್ಲಿ. ಆಮ್ಲಜನಕ ಖರ್ಚಾಗುವುದು ಬತ್ತಿ ಉರಿಯುವಾಗ, ಹಾಗಾಗಿ ನೀರು ಉರಿಯುವಷ್ಟು ಹೊತ್ತೂ ನಿಧಾನವಾಗಿ ಏರಬೇಕು. ತಣ್ಣಗಾಗುವುದೇ ಕಾರಣವಾದರೆ ಆರಿದ ಮೇಲೆ ಏರಬೇಕು. ಎರಡು, ಬತ್ತಿಗಳ ಸಂಖ್ಯೆಯಲ್ಲಿ. ಅದೇ ಜಾರ್, ಅದೇ ಗಾಳಿ, ಮೂರು ಬತ್ತಿ. ಆಮ್ಲಜನಕವೇ ಕಾರಣವಾದರೆ ಮೊದಲಿನಷ್ಟೇ ಏರಬೇಕು. ಬಿಸಿಯೇ ಕಾರಣವಾದರೆ ಜಾಸ್ತಿ ಏರಬೇಕು. ಮಾಡಿ ನೋಡಿ. ನೀರು ಆರಿದ ಮೇಲೇ ಸರ್ರನೆ ಏರುತ್ತದೆ, ಮೂರು ಬತ್ತಿಗೆ ಇನ್ನೂ ಮೇಲೆ ಹೋಗುತ್ತದೆ. ಎರಡನೇ ಹಂತದಲ್ಲಿ ಎಡಗಡೆ ಬರೆದ ಆ ಗುಳ್ಳೆಗಳಿಗೂ ಈಗ ಅರ್ಥ ಬಂತು. ಆಮ್ಲಜನಕ ಖರ್ಚಾಗುವುದು ಸುಳ್ಳಲ್ಲ, ಆದರೆ ಅದು ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ, ಮತ್ತು ಅದರ ಬದಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬಂದಿರುತ್ತವೆ. ಗಾಜಿನ ಮೇಲಿನ ಮಂಜು ಅದೇ ನೀರಾವಿ. ಅದು ಹಾಗೆ ನೀರಾದದ್ದರಿಂದಲೂ ಒಳಗಿನ ಅನಿಲ ಇನ್ನಷ್ಟು ಕುಗ್ಗುತ್ತದೆ.

ಯಾವ ಪುರಾವೆ ಕೈಗೆ ಬಂದರೂ ಈ ಪ್ರಶ್ನೆ ಕೇಳಿ: ನನ್ನ ಕಾರಣ ಸುಳ್ಳಾಗಿದ್ದರೂ ನಾನು ಇದನ್ನೇ ನೋಡುತ್ತಿದ್ದೆನಾ? ಹೌದು ಅಂದರೆ ಆ ಪುರಾವೆಗೆ ತೂಕ ಇಲ್ಲ. ಸ್ನೇಹಿತೆ ಉತ್ತರಿಸಿಲ್ಲ. ಸಿಟ್ಟಿದ್ದರೂ ಉತ್ತರ ಬರುವುದಿಲ್ಲ, ಕೆಲಸದಲ್ಲಿ ಮುಳುಗಿದ್ದರೂ ಬರುವುದಿಲ್ಲ. ಬೇರೆಯವರ ಮೆಸೇಜಿಗೆ ಉತ್ತರಿಸುತ್ತಿದ್ದಾಳಾ ಅನ್ನುವುದು ಸ್ವಲ್ಪ ವ್ಯತ್ಯಾಸ ತೋರಿಸುತ್ತದೆ. ಫೋನ್ ಮಾಡಿ ಕೇಳಿದರೆ ಪೂರ್ತಿ ತಿಳಿಯುತ್ತದೆ.

ಎಚ್ಚರಿಕೆಯ ಸೂಚನೆ: ಏನು ಕಂಡರೂ "ನೋಡಿ, ನಾನು ಹೇಳಿರಲಿಲ್ವಾ" ಅನ್ನಿಸುತ್ತಿದ್ದರೆ ನಿಲ್ಲಿಸಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಯಾವುದರಿಂದಲೂ ಸುಳ್ಳಾಗದ ಕಾರಣವನ್ನು ಪರೀಕ್ಷೆ ಮಾಡಲಾಗುವುದಿಲ್ಲ, ಹಾಗಾಗಿ ಅದನ್ನು ಪಟ್ಟಿಯಿಂದ ಬದಿಗಿಡಿ.

## ಹಂತ 6: ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಈಗ ಪರೀಕ್ಷೆ. ನೆಲ ಪೂರ್ತಿ ಒರೆಸಿದೆ. ರಾತ್ರಿ ಹತ್ತು ಗಂಟೆಗೆ ಮೂರು ಕಡೆ ಹಳೆಯ ಪೇಪರ್ ಹಾಸಿದೆ: ಫ್ರಿಜ್ ಕೆಳಗೆ, ಸಿಂಕ್ ಕೆಳಗಿನ ಕಪಾಟಿನಲ್ಲಿ, ಕಿಟಕಿ ಕೆಳಗೆ. ಮನೆಯವರಿಗೆ ರಾತ್ರಿ ಬಾಟಲಿ ಬೇಕಾದರೆ ಎದುರಿನ ಮೇಜಿನ ಮೇಲಿದೆ ಅಂದೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಕಿಟಕಿಯ ಪೇಪರ್ ಗರಿಗರಿ ಒಣಗಿತ್ತು. ಫ್ರಿಜ್ ಕೆಳಗಿನದು ಸಿಂಕ್ ಕಡೆಯ ಅಂಚಿನಲ್ಲಿ ಮಾತ್ರ ಒದ್ದೆ, ಹಿಂಭಾಗ ಒಣ. ಕಪಾಟಿನೊಳಗಿನದು ಒಂದು ಮೂಲೆಯಲ್ಲಿ ಉಬ್ಬಿ ಮೆತ್ತಗಾಗಿತ್ತು.

ಅಲ್ಲಿಗೆ ಮೂರು ಕಾರಣ ಬಿದ್ದುಹೋದವು. ಆಮೇಲೆ ಒಣ ಟಿಶ್ಯೂ ತುಂಡುಗಳನ್ನು ಒಂದೊಂದು ಪೈಪಿನ ಜಾಯಿಂಟ್‌ಗೂ ಸುತ್ತಿದೆ. ನೀರಿನ ಫಿಲ್ಟರ್‌ಗೆ ಹೋಗುವ ಬೆರಳಿಗಿಂತ ಸಪೂರದ ಬಿಳಿ ಕೊಳವೆಯ ಜಾಯಿಂಟ್‌ನ ಟಿಶ್ಯೂ ಮಾತ್ರ ಅರ್ಧ ಗಂಟೆಯಲ್ಲಿ ನೆನೆಯಿತು. ಅಲ್ಲಿಂದ ಫ್ರಿಜ್ ಮುಂದೆ ನೀರು ಹೇಗೆ ಹೋಯಿತು? ಒಂದು ಚಮಚ ನೀರು ಕಪಾಟಿನ ಬುಡದಲ್ಲಿ ಸುರಿದು ನೋಡಿದೆ. ಗೋಡೆಯಂಚು ಹಿಡಿದು ಹರಿದು, ಸರಿಯಾಗಿ ಫ್ರಿಜ್ ಮುಂದೆ ಹೋಗಿ ನಿಂತಿತು. ನೆಲದ ಇಳಿಜಾರು ಆ ಕಡೆಗೆ. (ಫ್ರಿಜ್ ಹಿಂದೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ. ನೆಲ ಒದ್ದೆ ಇದ್ದಾಗಲಂತೂ ಮರೆಯಲೇಬಾರದು.)

ಜನ ಇಲ್ಲಿ ಮಾಡುವ ತಪ್ಪು ಅಂದರೆ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಜಾಯಿಂಟ್ ಬಿಗಿ ಮಾಡಿ, ಫ್ರಿಜ್ ಸರಿಸಿ, ಕಿಟಕಿ ಮುಚ್ಚಿ. ನೀರು ನಿಲ್ಲುತ್ತದೆ, ಆದರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ತಲೆನೋವಿಗೆ ದಿಂಬು, ಕನ್ನಡಕ, ಮಲಗುವ ಹೊತ್ತು ಮೂರನ್ನೂ ಒಂದೇ ವಾರದಲ್ಲಿ ಬದಲಿಸಿದರೂ ಇದೇ ಕಥೆ.

ಇನ್ನೊಂದು ತಪ್ಪು, ಹೋಲಿಕೆ ಇಲ್ಲದೆ ತೀರ್ಮಾನಿಸುವುದು. ನೆಗಡಿಗೆ ಏನೋ ಕುಡಿದೆ, ವಾರದಲ್ಲಿ ಹೋಯಿತು. ಕುಡಿಯದಿದ್ದರೂ ಸಾಮಾನ್ಯ ನೆಗಡಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ನಾವು ಔಷಧಿಗೆ ಕೈ ಹಾಕುವುದೇ ನೆಗಡಿ ಜೋರಾಗಿರುವಾಗ, ಅಲ್ಲಿಂದ ಮುಂದೆ ಹೇಗೂ ಕಡಿಮೆಯಾಗುವ ಸಮಯ.

ಹೋಲಿಕೆ ಎಷ್ಟು ಬಲವಾದದ್ದು ಅಂತ ನೋಡಲು ವಿಯೆನ್ನಾದ ಆಸ್ಪತ್ರೆಯ ವೈದ್ಯ ಸೆಮ್ಮೆಲ್‌ವೈಸ್ ಮಾಡಿದ ಕೆಲಸ ನೋಡಿ. ಅಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುವ ಮೊದಲ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಜಾಸ್ತಿ ತಾಯಂದಿರು ಸಾಯುತ್ತಿದ್ದರು, ಸೂಲಗಿತ್ತಿಯರ ಎರಡನೇ ವಿಭಾಗದಲ್ಲಿ ಕಡಿಮೆ. ಜನಸಂದಣಿ ಕಾರಣವಾ? ಎರಡನೆಯದರಲ್ಲೇ ಸಂದಣಿ ಜಾಸ್ತಿ, ಹಾಗಾಗಿ ಅಲ್ಲ. ಮಲಗುವ ಭಂಗಿಯಾ? ಬದಲಿಸಿ ನೋಡಿದರು, ಏನೂ ಆಗಲಿಲ್ಲ. ಶವಪರೀಕ್ಷೆ ಮುಗಿಸಿ ಬರುವವರ ಕೈಗಳಿಂದ ಏನೋ ದಾಟುತ್ತಿದೆ ಅಂತ ಅವರಿಗೆ ಅನ್ನಿಸಿದ್ದು, ಶವಪರೀಕ್ಷೆಯ ಚಾಕು ತಾಗಿದ ಸಹೋದ್ಯೋಗಿಯೊಬ್ಬರು ಅದೇ ರೀತಿಯ ಲಕ್ಷಣಗಳಿಂದ ಸತ್ತಾಗ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇಕಡಾ 2ರ ಹತ್ತಿರ ಬಂತು. ಎರಡು ವಿಭಾಗ ಅಕ್ಕಪಕ್ಕ ಇಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

## ಹಂತ 7: ಸಾಮಾನ್ಯವಾಗಿ ಇದು ಎಷ್ಟು ಸಲ ಆಗುತ್ತದೆ?

ಪುರಾವೆ ಎಷ್ಟೇ ಗಟ್ಟಿ ಅನ್ನಿಸಿದರೂ, ಆ ಸಂಗತಿ ಎಷ್ಟು ಅಪರೂಪ ಅಂತ ಕೇಳದೆ ಮುಂದೆ ಹೋಗಬೇಡಿ. ಒಂದು ಲೆಕ್ಕ ಮಾಡೋಣ, ಇದು ಉದಾಹರಣೆಯ ಸಂಖ್ಯೆ. ಸಾವಿರದಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಕಾಯಿಲೆ ಇದ್ದವರನ್ನು ಪರೀಕ್ಷೆ ತಪ್ಪದೆ ಹಿಡಿಯುತ್ತದೆ, ಆದರೆ ಆರೋಗ್ಯವಂತರಲ್ಲಿ ಶೇಕಡಾ 5ರಷ್ಟು ಜನರಿಗೂ ಸುಮ್ಮನೆ ಪಾಸಿಟಿವ್ ತೋರಿಸುತ್ತದೆ. ಯಾವ ಲಕ್ಷಣವೂ ಇಲ್ಲದ ಒಬ್ಬರಿಗೆ ಪಾಸಿಟಿವ್ ಬಂತು. ಅವರಿಗೆ ಕಾಯಿಲೆ ಇರುವ ಸಂಭವ ಎಷ್ಟು? ತುಂಬ ಜನ 95 ಶೇಕಡಾ ಅನ್ನುತ್ತಾರೆ.

ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿದಂತೆ ಯೋಚಿಸಿ. ಕಾಯಿಲೆ ಇರುವುದು 1 ಜನಕ್ಕೆ, ಅವರಿಗೆ ಪಾಸಿಟಿವ್. ಉಳಿದ 999ರಲ್ಲಿ ಶೇಕಡಾ 5, ಅಂದರೆ ಸುಮಾರು 50 ಜನಕ್ಕೂ ಪಾಸಿಟಿವ್. ಒಟ್ಟು 51ರಲ್ಲಿ ನಿಜವಾದದ್ದು 1. ಹತ್ತಿರ ಹತ್ತಿರ ಶೇಕಡಾ 2. ಅದಕ್ಕೇ ಇಂಥ ಕಡೆ ವೈದ್ಯರು ಎರಡನೇ ಪರೀಕ್ಷೆ ಬರೆಯುತ್ತಾರೆ. ಶೇಕಡಾವಾರು ಬಿಟ್ಟು ಹೀಗೆ ತಲೆ ಎಣಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ.

## ಹಂತ 8: ತೀರ್ಮಾನವನ್ನು ಅದರ ತೂಕಕ್ಕೆ ತಕ್ಕ ಪದದಲ್ಲಿ ಬರೆಯಿರಿ

"ಇರಬಹುದು", "ಬಹುಮಟ್ಟಿಗೆ", "ಖಂಡಿತ". ಈ ಮೂರು ಪದ ಬೇರೆ ಬೇರೆ ಅಂತ ಹಾಳೆಯ ಮೇಲೆ ಕಾಣಬೇಕು. ಒಂದೇ ತೀರ್ಮಾನದ ಬೇರೆ ಬೇರೆ ತುಂಡುಗಳಿಗೆ ಬೇರೆ ಬೇರೆ ಪದ ಬೇಕಾಗುತ್ತದೆ. ಸೆಮ್ಮೆಲ್‌ವೈಸ್ ವಿಷಯದಲ್ಲೂ ಹೀಗೇ: ಕೈ ತೊಳೆದರೆ ಸಾವು ಕಡಿಮೆಯಾಗುತ್ತದೆ ಅನ್ನುವುದು ಪರೀಕ್ಷೆಯಾಗಿತ್ತು, ಕೈಯಲ್ಲಿ ಇದ್ದದ್ದು ಏನು ಅನ್ನುವುದು ಆಗ ಆಗಿರಲಿಲ್ಲ. ರೋಗಾಣುಗಳ ಪಾತ್ರ ಸ್ಪಷ್ಟವಾದದ್ದು ಆಮೇಲೆ.

ನನ್ನ ಹಾಳೆಯಲ್ಲಿ ಹೀಗೆ ಬರೆದಿದ್ದೆ: "ಬಿಳಿ ಕೊಳವೆಯ ಜಾಯಿಂಟ್ ಸೋರುತ್ತಿದೆ, ಖಂಡಿತ. ಫ್ರಿಜ್ ಮುಂದಿನ ನೀರು ಪೂರ್ತಿ ಅಲ್ಲಿಂದಲೇ, ಬಹುಮಟ್ಟಿಗೆ. ಬೆಳಿಗ್ಗೆಯೇ ಕಾಣುವುದು ರಾತ್ರಿ ಯಾರೂ ನಲ್ಲಿ ಬಿಡದೆ ಪೈಪಿನಲ್ಲಿ ಒತ್ತಡ ಜಾಸ್ತಿ ಆಗುವುದರಿಂದ ಇರಬಹುದು." ಕೊನೆಯದನ್ನು ನಾನು ಪರೀಕ್ಷೆ ಮಾಡಿಲ್ಲ. ಹಗಲು ಅದೇ ನೀರನ್ನು ನಾವು ಓಡಾಡುತ್ತಾ ಒರೆಸಿಬಿಡುತ್ತಿದ್ದೆವು ಅಂತಲೂ ಇರಬಹುದು.

ಎಷ್ಟು ಪುರಾವೆ ಸಾಕು? ತಪ್ಪಾದರೆ ಏನು ನಷ್ಟ ಅಂತ ನೋಡಿ. ಕೊಳವೆ ಬದಲಿಸುವುದಕ್ಕೆ "ಬಹುಮಟ್ಟಿಗೆ" ಸಾಕು, ತಪ್ಪಾದರೆ ಒಂದು ಸಣ್ಣ ಜಾಯಿಂಟ್ ವ್ಯರ್ಥ ಅಷ್ಟೇ. ಒಬ್ಬರನ್ನು ಕಳ್ಳ ಅನ್ನುವುದಕ್ಕೆ ಅದು ಯಾವತ್ತೂ ಸಾಲದು.

## ಹಂತ 9: ಯಾವುದು ಕಂಡರೆ ಮನಸ್ಸು ಬದಲಿಸುತ್ತೀರಿ, ಈಗಲೇ ಬರೆದಿಡಿ

ತೀರ್ಮಾನದ ಕೆಳಗೆ ಇನ್ನೊಂದು ಸಾಲು: "ಇದು ಕಂಡರೆ ನಾನು ತಪ್ಪು." ಮೊದಲೇ ಬರೆಯಬೇಕು. ಆಮೇಲೆ ಬರೆಯುತ್ತೇನೆ ಅಂದರೆ ಆ ಹೊತ್ತಿಗೆ ತೀರ್ಮಾನದ ಮೇಲೆ ಮೋಹ ಬೆಳೆದಿರುತ್ತದೆ. ಹೂಂ ಅನ್ನದ ಆ ಒಬ್ಬರನ್ನು ಕರೆಯಬೇಕಾದದ್ದೂ ಈಗ. ಹಾಳೆಯ ಎಡಗಡೆ ಮಾತ್ರ ಅವರಿಗೆ ತೋರಿಸಿ, ಬಲಗಡೆ ಮಡಚಿ. ಅವರು ಬೇರೆ ಕಾರಣ ಹೇಳಿದರೆ ವಾದ ಮಾಡಬೇಡಿ, ನಾಲ್ಕನೇ ಹಂತದ ಪಟ್ಟಿಗೆ ಸೇರಿಸಿ.

ನಾನು ಬರೆದದ್ದು: "ಜಾಯಿಂಟ್ ಬದಲಿಸಿದ ಮೇಲೆ ಏಳು ದಿನದೊಳಗೆ ಫ್ರಿಜ್ ಮುಂದೆ ನೀರು ಕಂಡರೆ ಹಂತ 4ಕ್ಕೆ ವಾಪಸ್." ಆ ಹಾಳೆಯನ್ನು ಸಿಂಕ್ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ಐದನೇ ದಿನ ಬೆಳಿಗ್ಗೆ ಅಲ್ಲಿ ಮತ್ತೆ ಒಂದು ಅಂಗೈಯಷ್ಟು ನೀರು. ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಬಗ್ಗಿ ಕಪಾಟು ತೆಗೆದು ನೋಡಿದೆ, ಜಾಯಿಂಟ್ ಒಣಗಿತ್ತು, ಪೇಪರೂ ಒಣ. ಪೆನ್ನು ತೆಗೆದುಕೊಂಡು ಎಡಗಡೆ ಅಷ್ಟನ್ನೇ ಬರೆದೆ, ಆಮೇಲೆ ಪಟ್ಟಿಯ ಮೂರನೇ ಸಾಲಿನ ಪಕ್ಕ ಮತ್ತೆ ಒಂದು ಗುರುತು ಹಾಕಿ, ಆ ರಾತ್ರಿ ಬಾಟಲಿ ತೆಗೆದವರು ಯಾರು ಅಂತ ಮನೆಯವರನ್ನು ಕೇಳಿದೆ. ಮಗ ಕೈ ಎತ್ತಿದ.